ಸರ್ವೆ ನಂಬರೇ ಹೆಸರಾದ ಬೆಟ್ಟ: ಕೆ2 ಟಿಪ್ಪಣಿ

ನಮ್ಮ ಕುಂಬಳೆ ಕಡೆ ಪ್ರತಿ ಅಡಿಕೆ ತೋಟಕ್ಕೂ ಸರ್ವೆ ನಂಬರು ಇದೆ. ಆದರೆ ಆ ನಂಬರು ಹೇಳಿ ತೋಟವನ್ನು ಕರೆಯುವವರಿಲ್ಲ. ಜಗತ್ತಿನ ಎರಡನೇ ಎತ್ತರದ ಬೆಟ್ಟಕ್ಕೆ ಮಾತ್ರ ನಂಬರೇ ಹೆಸರಾಗಿ ಉಳಿಯಿತು.

1856ರಲ್ಲಿ ಮಾಂಟ್‌ಗೊಮರಿ ಎಂಬ ಸರ್ವೆ ಅಧಿಕಾರಿ ಕಾಶ್ಮೀರದ ಹರಮುಖ್ ಬೆಟ್ಟದಿಂದ ದೂರದ ಎರಡು ಶಿಖರಗಳನ್ನು ಕಂಡು ಕೆ1, ಕೆ2 ಎಂದು ಗುರುತು ಹಾಕಿದ. ಕೆ ಅಂದರೆ ಕಾರಕೋರಂ, ಈ ಶಿಖರಗಳಿರುವ ಪರ್ವತಸಾಲು. ಕೆ1ಕ್ಕೆ ಊರವರ ಬಾಯಲ್ಲಿ ಮಶೆರ್‌ಬ್ರಮ್ ಎಂಬ ಹೆಸರಿತ್ತು. ಕೆ2ಕ್ಕೆ ಅಂಥದ್ದು ಸಿಗಲಿಲ್ಲ. ದಾರಿಯ ಕೊನೆಯ ಹಳ್ಳಿ ಅಸ್ಕೋಲೆ. ಅಲ್ಲಿಂದಲೂ ಅದು ಕಾಣುವುದಿಲ್ಲ. ಆಮೇಲೆ ಬಾಲ್ಟೊರೊ ಹಿಮನದಿಯ ಮೇಲೆ ದಿನಗಟ್ಟಲೆ ನಡಿಗೆ. ಕಣ್ಣಿಗೇ ಬೀಳದ ಬೆಟ್ಟಕ್ಕೆ ಹೆಸರಿಡುವುದು ಯಾರು, ಅಲ್ವಾ?

ಪರೀಕ್ಷೆಗೆ ಬೇಕಾದ್ದು: ಎತ್ತರ 8,611 ಮೀಟರ್, ಎವರೆಸ್ಟ್‌ಗಿಂತ 238 ಮೀಟರ್ ಕಡಿಮೆ. ಮೊದಲು ಹತ್ತಿದವರು ಇಟಲಿಯ ಕಂಪಾನ್ಯೋನಿ ಮತ್ತು ಲಾಚೆದೆಲ್ಲಿ, 1954ರ ಜುಲೈ 31.

ಎತ್ತರ ಕಡಿಮೆಯಾದರೂ ನುರಿತ ಆರೋಹಿಗಳಿಗೆ ಕೆ2 ಮೇಲೆಯೇ ಕಣ್ಣು. ಇಲ್ಲಿ ಸುಲಭದ ದಾರಿ ಅಂತ ಒಂದಿಲ್ಲ. ಎವರೆಸ್ಟ್‌ಗಿಂತ ಎಂಟು ಡಿಗ್ರಿಯಷ್ಟು ಉತ್ತರಕ್ಕಿದೆ, ಹಾಗಾಗಿ ಚಳಿಯೂ ಜಾಸ್ತಿ. 8,000 ಮೀಟರ್ ದಾಟಿದ 14 ಶಿಖರಗಳಲ್ಲಿ ಚಳಿಗಾಲದಲ್ಲಿ ಕೊನೆಗೆ ಒಲಿದದ್ದು ಇದೇ. 2021ರ ಜನವರಿ 16ರಂದು ಹತ್ತು ಮಂದಿ ನೇಪಾಳಿಗಳು ಒಟ್ಟಿಗೆ ತುದಿ ಮುಟ್ಟಿದರು.

ಸುಮಾರು 8,200 ಮೀಟರ್ ಎತ್ತರದಲ್ಲಿ 'ಬಾಟಲ್‌ನೆಕ್' ಎಂಬ ಇಕ್ಕಟ್ಟಾದ, ಕಡಿದಾದ ಹಿಮದ ಓಣಿ ಇದೆ. ತಲೆ ಮೇಲೆ ದೊಡ್ಡ ಮಂಜುಗಡ್ಡೆಯ ಗೋಡೆ. ಅದು ಯಾವಾಗ ಕಳಚುತ್ತದೋ ಹೇಳಲಾಗದು. ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕಡಲತೀರದ ಮೂರನೇ ಒಂದರಷ್ಟು. ನಮ್ಮ ಕಡೆಯ ಪೊಸಡಿ ಗುಂಪೆ ಗುಡ್ಡ ಹತ್ತುವಾಗಲೇ ಏದುಸಿರು ಬಿಡುವ ನನಗೆ ಇದನ್ನು ಓದುವಾಗಲೂ ಎದೆ ಬಿಗಿಯಾಗುತ್ತದೆ.

1953ರ ಅಮೆರಿಕನ್ ತಂಡದ ಕಥೆ ಪರೀಕ್ಷೆಗೆ ಬರಲಿಕ್ಕಿಲ್ಲ, ಆದರೆ ಬಿಡಲು ಮನಸ್ಸಿಲ್ಲ. ಆರ್ಟ್ ಗಿಲ್ಕಿಯ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ತುದಿಯ ಆಸೆ ಬಿಟ್ಟು ಎಲ್ಲರೂ ಅವನನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ಒಬ್ಬ ಜಾರಿದ. ಹಗ್ಗಗಳು ಸಿಕ್ಕಿಕೊಂಡು ಐವರು ಉರುಳಿದರು. ಪೀಟ್ ಶೋನಿಂಗ್ ಬಂಡೆಯ ಹಿಂದೆ ಚುಚ್ಚಿದ್ದ ಹಿಮಗೊಡಲಿಗೆ ಹಗ್ಗ ಸುತ್ತಿ ಎಲ್ಲರನ್ನೂ ತಡೆದು ನಿಲ್ಲಿಸಿದ. ಆಮೇಲೆ ಗಿಲ್ಕಿಯನ್ನು ಇಳಿಜಾರಿನಲ್ಲಿ ಭದ್ರವಾಗಿ ಕಟ್ಟಿ, ಪಕ್ಕದಲ್ಲಿ ಟೆಂಟ್ ಹಾಕಲು ಹೋದರು. ತಿರುಗಿ ಬಂದಾಗ ಅವನು ಅಲ್ಲಿರಲಿಲ್ಲ.