ಉಷ್ಣ ನಿರೋಧಕ ಅಂದರೇನು?

ಶಾಖ ಯಾವಾಗಲೂ ಬಿಸಿ ಇರುವ ಕಡೆಯಿಂದ ತಣ್ಣಗಿರುವ ಕಡೆಗೆ ಹರಿಯುತ್ತದೆ. ಆ ಹರಿವನ್ನು ನಿಧಾನ ಮಾಡುವ ವಸ್ತುವೇ ಉಷ್ಣ ನಿರೋಧಕ. ಪೂರ್ತಿ ನಿಲ್ಲಿಸುವ ವಸ್ತು ಯಾವುದೂ ಇಲ್ಲ. ಮಡಿಕೇರಿಯ ಜುಲೈ ಚಳಿಯಲ್ಲಿ ಫ್ಲಾಸ್ಕಿನ ಕಾಫಿಯೂ ಆರುತ್ತದೆ, ಆದರೆ ಸ್ಟೀಲ್ ಲೋಟದ್ದಕ್ಕಿಂತ ಎಷ್ಟೋ ತಡವಾಗಿ.

ಶಾಖವನ್ನು ಎಷ್ಟು ಸುಲಭವಾಗಿ ದಾಟಿಸುತ್ತದೆ ಅನ್ನುವುದಕ್ಕೆ ಉಷ್ಣ ವಾಹಕತೆ ಎಂಬ ಅಳತೆ ಇದೆ. ವ್ಯಾಟ್, ಮೀಟರ್, ಕೆಲ್ವಿನ್ ಲೆಕ್ಕದಲ್ಲಿ ತಾಮ್ರಕ್ಕೆ ಅದು ಸುಮಾರು 400. ಸ್ಟೇನ್‌ಲೆಸ್ ಸ್ಟೀಲಿಗೆ 15ರ ಆಸುಪಾಸು, ನೀರಿಗೆ 0.6, ಮರಕ್ಕೆ 0.1ರಿಂದ 0.2. ಅಲುಗಾಡದೆ ನಿಂತ ಗಾಳಿಗೆ ಬರೀ 0.025! ಕಂಬಳಿ, ಥರ್ಮಾಕೋಲ್, ಹಾಟ್‌ಬಾಕ್ಸಿನ ಒಳಗಿನ ಫೋಮ್, ಇವೆಲ್ಲ ಬಿಸಿ ಉಳಿಸುವುದು ಸಣ್ಣ ಸಣ್ಣ ಸಂದುಗಳಲ್ಲಿ ಗಾಳಿಯನ್ನು ಹಿಡಿದಿಟ್ಟುಕೊಂಡೇ. ಗಾಳಿ ಓಡಾಡುವಂತಾದರೆ ಶಾಖವನ್ನೂ ಹೊತ್ತೊಯ್ಯುತ್ತದೆ.

ಆ ಸಂದುಗಳಿಗೆ ನೀರು ಹೊಕ್ಕರೆ? ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಶಾಖ ದಾಟಿಸುವ ವಸ್ತು ಅಲ್ಲಿ ಬಂದು ಕೂತ ಹಾಗೆ. ಕಡಂಬುಟ್ಟು ಬೇಯಿಸಿದ ಪಾತ್ರೆಯನ್ನು ಒಣ ಬಟ್ಟೆಯಲ್ಲಿ ಇಳಿಸಬಹುದು. ಅದೇ ಬಟ್ಟೆ ಒದ್ದೆಯಾಗಿದ್ದರೆ ಕೈ ಸುಡುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟವಾದ ಕೊಡಗಿನಲ್ಲಿ ವಸ್ತು ಆರಿಸುವಾಗ ನನ್ನ ಮೊದಲ ಪ್ರಶ್ನೆ ಇದೇ: ಇದು ನೀರು ಹೀರುತ್ತದಾ? ಶೀಟ್ ಮಾಡಿನ ಕೆಳಗೆ ಹಾಕಲು ಒಂದಕ್ಕೊಂದು ಕೂಡದ, ಮುಚ್ಚಿದ ಗುಳ್ಳೆಗಳಿರುವ ಫೋಮ್ ವಾಸಿ. ಸ್ಪಂಜಿನಂಥದ್ದು ಬೇಡ. ಒಲೆ, ಹೊಗೆಗೂಡಿನ ಹತ್ತಿರ ಮಾತ್ರ ಯಾವ ಫೋಮೂ ಬೇಡ, ಬೆಂಕಿ ಹಿಡಿಯುವ ಅಪಾಯವಿದೆ.

ಬಿಸಿ ತಾಳುತ್ತದಾ ಅಂತಲೂ ನೋಡಬೇಕು. ಥರ್ಮಾಕೋಲ್ ಒಳ್ಳೆಯ ನಿರೋಧಕವೇ, ಆದರೆ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಮೆತ್ತಗಾಗುತ್ತದೆ. ಕುಕ್ಕರಿನ ಹಿಡಿಗೆ ಬೇಕೆಲೈಟ್ ಬಳಸುವುದು ಅದಕ್ಕೇ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ರೂಪಿಸಿದ ಈ ಪ್ಲಾಸ್ಟಿಕ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ.

ಫ್ಲಾಸ್ಕ್ ಇನ್ನೂ ಒಂದು ಹೆಜ್ಜೆ ಮುಂದೆ. 1892ರಲ್ಲಿ ಜೇಮ್ಸ್ ಡ್ಯೂವರ್ ಎರಡು ಗೋಡೆಗಳ ನಡುವಿನ ಗಾಳಿಯನ್ನೇ ತೆಗೆದುಬಿಟ್ಟರು. ಗಾಜಿನ ಫ್ಲಾಸ್ಕಿನ ಒಳಗೆ ಕಾಣುವ ಬೆಳ್ಳಿಯ ಹೊಳಪು ಸುಮ್ನೆ ಅಂದಕ್ಕಲ್ಲ, ವಿಕಿರಣವಾಗಿ, ಅಂದರೆ ಬೆಳಕಿನ ಹಾಗೆ ಕಿರಣಗಳಾಗಿ, ಹೊರಡುವ ಶಾಖವನ್ನು ಅದು ಹಿಂದಕ್ಕೆ ಕಳಿಸುತ್ತದೆ. ಉಳಿದ ಶಾಖ ಸೋರುವುದು ಹೆಚ್ಚಾಗಿ ಬಾಯಿಯ ಕಡೆಯಿಂದ. ಹಾಗಾಗಿ ಮುಚ್ಚಳ ಬಿಗಿಯಾಗಿ ಕೂರಬೇಕು. ಸ್ಟೀಲ್ ಫ್ಲಾಸ್ಕ್ ತಂದ ಮೇಲೆ ಕುದಿಯುವ ನೀರು ತುಂಬಿಸಿ, ಸ್ವಲ್ಪ ಹೊತ್ತು ಬಿಟ್ಟು ಹೊರಮೈ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಗೋಡೆಗಳ ನಡುವೆ ಗಾಳಿ ಹೊಕ್ಕಿದೆ ಅಂತಲೇ ಅರ್ಥ, ಬದಲಾಯಿಸಿಕೊಳ್ಳಿ.