‘ಪ್ಲೇ ಡೌನ್’: ಗುಡ್ಡವನ್ನು ಕಡ್ಡಿ ಮಾಡುವ ಮಾತು

ಹೋದ ತಿಂಗಳು ಶ್ರೀರಂಗಪಟ್ಟಣದ ಹತ್ತಿರ ನನ್ನ ರೂಮ್‌ಮೇಟ್ ಬೈಕಿನಿಂದ ಬಿದ್ದ. ಮೊಣಕೈಗೆ 6 ಹೊಲಿಗೆ. ಆಸ್ಪತ್ರೆಯಿಂದಲೇ ಮಂಡ್ಯದ ಮನೆಗೆ ಫೋನ್ ಮಾಡಿ, “ಏನಿಲ್ಲ ಕಣವ್ವ, ವಸಿ ತರಚು ಗಾಯ ಅಷ್ಟೇಯ” ಅಂದ. ‘ಪ್ಲೇ ಡೌನ್’ ಅಂದರೆ ಇದೇ. ‘ಹಿ ಪ್ಲೇಡ್ ಡೌನ್ ಹಿಸ್ ಇಂಜುರಿ.’ ಇರುವುದನ್ನು ಇರುವುದಕ್ಕಿಂತ ಚಿಕ್ಕದು ಮಾಡಿ ತೋರಿಸುವುದು. ‘ಕೆಳಗೆ ಆಡು’ ಎಂದು ಬಿಡಿಸಲು ಹೋದರೆ ಕೆಟ್ಟಿರಿ.

ನಾನು ಮೊದಲು ನೋಟ್‌ಬುಕ್‌ನಲ್ಲಿ ‘ಹಗುರವಾಗಿ ತೆಗೆದುಕೊಳ್ಳು’ ಎಂದು ಬರೆದಿದ್ದೆ. ತಪ್ಪು. ಹಗುರವಾಗಿ ತೆಗೆದುಕೊಳ್ಳುವುದು ಮನಸ್ಸಿನ ಒಳಗೆ, ಪ್ಲೇ ಡೌನ್ ಆಗುವುದು ಬಾಯಲ್ಲಿ. ಗಾಯ ಎಷ್ಟು ದೊಡ್ಡದು ಅಂತ ನನ್ನ ಗೆಳೆಯನಿಗೆ ಚೆನ್ನಾಗಿ ಗೊತ್ತಿತ್ತು, ಅಲ್ವಾ? ನನಗೆ ಸರಿ ಕಂಡ ಕನ್ನಡ ‘ತೇಲಿಸಿ ಹೇಳು’. ‘ತಿಪ್ಪೆ ಸಾರಿಸು’ ಸ್ವಲ್ಪ ಜಾಸ್ತಿಯಾಯಿತು. ಅದರಲ್ಲಿ ತಪ್ಪು ಮುಚ್ಚುವ ವಾಸನೆ ಇದೆ, ಅದನ್ನು ‘ಗ್ಲಾಸ್ ಓವರ್’ಗೆ (gloss over) ಇಟ್ಟುಕೊಳ್ಳಿ.

ಪೇಪರ್‌ನಲ್ಲಿ ಈ ಪದ ಬಂದಾಗ ಹುಷಾರು. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಬೇಸಿಗೆಯಲ್ಲಿ ನೀರು 80 ಅಡಿಗೆ ಇಳಿದಿದೆ ಅಂದುಕೊಳ್ಳಿ. ಅಧಿಕಾರಿಯೊಬ್ಬರು “ಕೊರತೆಯೇ ಇಲ್ಲ” ಅಂದರೆ ಅದು ‘ಡಿನೈ’. “ಸ್ವಲ್ಪ ಕಡಿಮೆ ಇದೆ, ಗಾಬರಿ ಬೇಡ” ಅಂದರೆ ವರದಿಗಾರ ‘ಪ್ಲೇಡ್ ಡೌನ್ ದ ಶಾರ್ಟೇಜ್’ ಎಂದು ಬರೆಯುತ್ತಾನೆ. ಕೊರತೆ ಅವರು ಹೇಳಿದ್ದಕ್ಕಿಂತ ದೊಡ್ಡದು ಎಂಬ ಅವನ ಅನುಮಾನವೂ ಆ ಪದದಲ್ಲೇ ಕೂತಿರುತ್ತದೆ. ಓದಿ ಅರ್ಥ ಮಾಡಿಕೊಳ್ಳುವ ಪ್ರಶ್ನೆಗಳಲ್ಲಿ ಇದನ್ನು ಹಿಡಿದರೆ ಸಾಕು, ಬರೆದವನ ಧೋರಣೆ ಸಿಗುತ್ತದೆ.

ಹಾಗಂತ ಯಾವಾಗಲೂ ಬೈಗುಳವಲ್ಲ. ಒಳ್ಳೆ ರ‍್ಯಾಂಕ್ ಬಂದವಳು “ಅಯ್ಯೋ, ಏನೋ ಅದೃಷ್ಟ ಸಾರ್” ಅಂದರೂ ಪ್ಲೇ ಡೌನೇ. ನಮ್ಮ ಕಡೆ ಅದಕ್ಕೆ ವಿನಯ ಅನ್ನುತ್ತಾರೆ.

ವ್ಯಾಕರಣ ಸುಲಭ. ‘ಪ್ಲೇ ಡೌನ್ ದ ಪ್ರಾಬ್ಲಮ್’, ‘ಪ್ಲೇ ದ ಪ್ರಾಬ್ಲಮ್ ಡೌನ್’ ಎರಡೂ ಸರಿ. ಸರ್ವನಾಮ ಬಂದರೆ ಮಾತ್ರ ನಡುವೆಯೇ ಕೂರಬೇಕು: ‘ಪ್ಲೇ ಇಟ್ ಡೌನ್’. ‘ಪ್ಲೇ ಡೌನ್ ಇಟ್’ ಬರೆದರೆ ಮಾರ್ಕ್ಸ್ ಹೋಯಿತು. ಒಂದೇ ಪದವಾದ ‘ಡೌನ್‌ಪ್ಲೇ’ಗೆ ಈ ಕಾಟವಿಲ್ಲ, ‘ಡೌನ್‌ಪ್ಲೇ ಇಟ್’ ಸರಿ.

ಕಡ್ಡಿಯನ್ನು ಗುಡ್ಡ ಮಾಡುವುದಕ್ಕೆ ‘ಪ್ಲೇ ಅಪ್’. ಮಾರನೆ ದಿನವೇ ರೂಮಿಗೆ ಬಂದು ಹೊಲಿಗೆ ನೋಡಿದ ಗೆಳೆಯನ ಅವ್ವ, ಊರಿಗೆ ಹೋಗಿ ಪಕ್ಕದ ಮನೆಯವರಿಗೆ, “ಕೈಯೇ ಮುರ್ದೋಗಿತ್ತು ಕಣಮ್ಮಿ” ಅಂದರಂತೆ.