ಮೊಸ್ತಾರ್ ಸೇತುವೆ, ಬೀದರ್ ಮದರಸಾ ಮತ್ತು ‘ಮಿಲಿಟರಿ ಅನಿವಾರ್ಯತೆ’ ಎಂಬ ಗಂಟು

ಯುದ್ಧದಲ್ಲಿ ಸ್ಮಾರಕ ಒಡೆದವರನ್ನು ಯಾವ ಕಾನೂನಿನಡಿ ಹಿಡಿಯುತ್ತಾರೆ? ಪರೀಕ್ಷೆಗೆ ಓದುವವರಿಗೆ ಈ ಅಧ್ಯಾಯಕ್ಕೆ 1954ರ ಹೇಗ್ ಒಪ್ಪಂದ (ಯುದ್ಧಕಾಲದಲ್ಲಿ ಸಾಂಸ್ಕೃತಿಕ ಸ್ವತ್ತಿನ ರಕ್ಷಣೆಗೆ), ಅದರ 1999ರ ಎರಡನೇ ಪ್ರೋಟೋಕಾಲ್ (ಪೂರಕ ಒಪ್ಪಂದ), 1998ರ ರೋಮ್ ಶಾಸನ (ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟ್ ಸ್ಥಾಪಿಸಿದ ಒಪ್ಪಂದ) ಇಷ್ಟು ಸಾಕು. ಇತಿಹಾಸ, ಯುನೆಸ್ಕೊ ಪಾತ್ರ ಎಲ್ಲ ಗೈಡಿನಲ್ಲೇ ಇದೆ, ಓದಿಕೊಳ್ಳಿ. ತಲೆ ಕೆಡಿಸುವುದು ಒಂದೇ ಮಾತು: ಮಿಲಿಟರಿ ಅನಿವಾರ್ಯತೆ, ಅಂದರೆ ಯುದ್ಧದ ಅಗತ್ಯಕ್ಕಾಗಿ ಮಾಡಲೇಬೇಕಾಯಿತು ಅನ್ನುವ ಸಮರ್ಥನೆ.

ಹೇಗ್ ಒಪ್ಪಂದದ 4ನೇ ವಿಧಿ ಇಬ್ಬರ ಕೈಯನ್ನೂ ಕಟ್ಟುತ್ತದೆ. ದಾಳಿ ಮಾಡುವವನು ಇಂಥ ಕಟ್ಟಡದ ತಂಟೆಗೆ ಹೋಗಬಾರದು. ಕಟ್ಟಡ ಯಾರ ವಶದಲ್ಲಿದೆಯೋ ಅವನೂ ಅದಕ್ಕೆ ಏಟು ಬೀಳುವಂಥ ಕೆಲಸಕ್ಕೆ ಅದನ್ನು ಬಳಸಬಾರದು. ಈ ಎರಡನೇ ಭಾಗವನ್ನು ಉತ್ತರದಲ್ಲಿ ಬರೆಯಲು ಜಾಸ್ತಿ ಜನ ಮರೆಯುತ್ತಾರೆ. ಬೀದರಿನವರು ಮರೆಯಬಾರದು. ಮಹಮೂದ್ ಗವಾನ್ 15ನೇ ಶತಮಾನದಲ್ಲಿ ಕಟ್ಟಿಸಿದ ಮದರಸಾದಲ್ಲಿ ಮೊಘಲರ ಕಾಲಕ್ಕೆ ಪಾಠ ನಿಂತು, ಸೈನಿಕರು ಬೀಡುಬಿಟ್ಟರು, ಮದ್ದು ತುಂಬಿಟ್ಟರು. 17ನೇ ಶತಮಾನದ ಕೊನೆಗೆ ಆ ಮದ್ದು ಸಿಡಿಯಿತು. ಸಿಡಿಲು ಬಡಿದು ಹಾಗಾಯಿತು ಅಂತ ಹೇಳುತ್ತಾರೆ. ಮುಂಭಾಗದ ಎರಡು ಮಿನಾರುಗಳಲ್ಲಿ ಉಳಿದದ್ದು ಒಂದೇ. ಅದರ ಮೈಮೇಲೆ ಬಣ್ಣದ ಹಂಚಿನ ತುಣುಕುಗಳು ಇನ್ನೂ ಕಾಣುತ್ತವೆ. ಆಗ ಈ ಕಾನೂನು ಇರಲಿಲ್ಲ, ಹಿಂದಿನ ಕಾಲಕ್ಕೆ ಅನ್ವಯಿಸುವುದೂ ಇಲ್ಲ. ಆದರೆ ‘ಬಳಕೆ’ಯನ್ನೂ ಯಾಕೆ ನಿಷೇಧಿಸಿದರು ಅನ್ನುವುದಕ್ಕೆ ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಈಗ ಗಂಟಿಗೆ ಬರೋಣ. ಅದೇ ವಿಧಿ ಒಂದು ಬಾಗಿಲು ತೆರೆದಿಟ್ಟಿದೆ: ಮಿಲಿಟರಿ ಅನಿವಾರ್ಯತೆ ಕಟ್ಟುನಿಟ್ಟಾಗಿ ಬೇಡಿದರೆ ಈ ನಿಯಮ ಸಡಿಲ. ಎಷ್ಟಿದ್ದರೆ ಅನಿವಾರ್ಯ? 1954ರ ಪಠ್ಯ ಹೇಳುವುದಿಲ್ಲ. 1999ರಲ್ಲಿ ಬಾಗಿಲನ್ನು ಕಿರಿದು ಮಾಡಿದರು. ಕಟ್ಟಡ ತಾನು ಮಾಡುವ ಕೆಲಸದಿಂದಲೇ (function) ಸೈನಿಕ ಗುರಿಯಾಗಿರಬೇಕು. ಅಷ್ಟೇ ಲಾಭ ಕೊಡುವ ಬೇರೆ ದಾರಿ ಇರಬಾರದು. ಸಾಧ್ಯವಿದ್ದರೆ ಮೊದಲೇ ಎಚ್ಚರಿಕೆ ಕೊಡಬೇಕು. ತೀರ್ಮಾನ ಸಾಮಾನ್ಯವಾಗಿ ಬೆಟಾಲಿಯನ್ ಮಟ್ಟದ ಅಥವಾ ಅದಕ್ಕಿಂತ ಮೇಲಿನ ಅಧಿಕಾರಿಯದು.

ಇದನ್ನು ಓದಿದರೆ ಅರ್ಥವಾದಂತೆ ಅನಿಸುತ್ತದೆ. ಮೊಸ್ತಾರ್ ಕೇಸು ತೆರೆದರೆ ಮತ್ತೆ ಗೊಂದಲ. ಬೋಸ್ನಿಯಾದ ನೆರೆತ್ವಾ ನದಿ ಮೇಲಿನ ಆ ಕಲ್ಲಿನ ಸೇತುವೆ ಕಟ್ಟಿದ್ದು 16ನೇ ಶತಮಾನದಲ್ಲಿ, ಆಟೊಮನ್ನರ ಕಾಲದಲ್ಲಿ. ಕ್ರೊಯೇಟ್ ಪಡೆಯ ಟ್ಯಾಂಕ್ ಹೊಡೆತಕ್ಕೆ ಅದು 1993ರ ನವೆಂಬರ್ 9ರಂದು ನದಿಗೆ ಕುಸಿಯಿತು. ಹಿಂದಿನ ಯುಗೊಸ್ಲಾವಿಯಾಕ್ಕಾಗಿ ಸ್ಥಾಪಿಸಿದ ನ್ಯಾಯಮಂಡಳಿ 2013ರಲ್ಲಿ ಹೇಳಿದ್ದಿಷ್ಟು: ಎದುರಾಳಿ ಸೇನೆ ಸೇತುವೆಯನ್ನು ಬಳಸುತ್ತಿತ್ತು, ಹಾಗಾಗಿ ಅದು ಸೈನಿಕ ಗುರಿಯೇ. ಆದರೆ ಅಲ್ಲಿನ ಮುಸ್ಲಿಂ ನಾಗರಿಕರಿಗೆ ಆದ ಹಾನಿ ಲಾಭಕ್ಕಿಂತ ವಿಪರೀತ ಹೆಚ್ಚು, ಆದ್ದರಿಂದ ಅಪರಾಧ. 2017ರಲ್ಲಿ ಮೇಲ್ಮನವಿ ಪೀಠ ಇದನ್ನು ತಳ್ಳಿಹಾಕಿತು. ಅದರ ವಾದ ನಿಧಾನವಾಗಿ ಓದಿ. ಆರೋಪ ಇದ್ದದ್ದು ‘ಮಿಲಿಟರಿ ಅನಿವಾರ್ಯತೆ ಇಲ್ಲದ ಮನಬಂದ ನಾಶ’ ಅಂತ. ಸೇತುವೆ ಸೈನಿಕ ಗುರಿಯಾಗಿತ್ತು, ನಾಶದಿಂದ ಸೈನಿಕ ಲಾಭವೂ ಇತ್ತು. ಅಂದಮೇಲೆ ಆರೋಪದ ‘ಅನಿವಾರ್ಯತೆ ಇಲ್ಲದ’ ಎಂಬ ಅಂಶವೇ ಸಾಬೀತಾಗಲಿಲ್ಲ. ಅಪರಾಧದ ತೀರ್ಪೂ ಉಳಿಯಲಿಲ್ಲ.

ಸೇತುವೆ ಎಷ್ಟು ಹಳೆಯದು, ಎಷ್ಟು ಚಂದ ಅನ್ನುವುದು ಉತ್ತರ ಬದಲಿಸಲಿಲ್ಲ ನೋಡಿ. ನ್ಯಾಯಾಧೀಶ ಫೌಸ್ಟೊ ಪೊಕಾರ್ ಒಪ್ಪದೆ ಭಿನ್ನಮತ ಬರೆದರು. ನನಗೂ ಅವರ ಕಡೆಯೇ ಸರಿ ಅನಿಸುತ್ತದೆ: ‘ಗುರಿ ಹೌದಾ’ ಮತ್ತು ‘ಕೆಡವಲೇಬೇಕಿತ್ತಾ’ ಎರಡು ಬೇರೆ ಪ್ರಶ್ನೆಗಳು, ಬಹುಮತ ಎರಡನ್ನೂ ಒಂದೇ ಮಾಡಿಬಿಟ್ಟಿತು. (ಮೇಲ್ಮನವಿ ತೀರ್ಪಿನ ದಿನ ಆರೋಪಿಗಳಲ್ಲೊಬ್ಬನಾದ ಕ್ರೊಯೇಟ್ ಜನರಲ್ ಪ್ರಾಲ್ಯಾಕ್ ಕೋರ್ಟಿನಲ್ಲೇ ವಿಷ ಕುಡಿದ. ಜನ ಅದನ್ನೇ ನೆನಪಿಟ್ಟರು, ಸೇತುವೆಯ ವಾದ ಮರೆತರು.)

ಹಾಗಾಗಿ ಯಾವ ಕೇಸು ಬಂದರೂ ಮೊದಲು ಕೇಳಿ: ಆ ಗಳಿಗೆಯಲ್ಲಿ ಕಟ್ಟಡದಲ್ಲಿ ಸೇನೆಗೆ ಏನಾದರೂ ಕೆಲಸ ಇತ್ತಾ? ಇಲ್ಲ ಅಂದರೆ ದಾರಿ ಸಲೀಸು. ಕ್ರೊಯೇಷಿಯಾದ ಡುಬ್ರೋವ್ನಿಕ್ ಹಳೇಪೇಟೆ ಮೇಲೆ 1991ರ ಡಿಸೆಂಬರ್ 6ರ ಶೆಲ್ ದಾಳಿ ಹಾಗಿತ್ತು. ದಾಳಿ ಮಾಡಿದ ಯುಗೊಸ್ಲಾವ್ ಸೇನೆಯ ಅಧಿಕಾರಿಗಳಲ್ಲಿ ಯೊಕಿಚ್ ತಪ್ಪೊಪ್ಪಿಕೊಂಡು 7 ವರ್ಷ ಶಿಕ್ಷೆ ಪಡೆದ, ಸ್ಟ್ರುಗರ್‌ಗೆ ಮೇಲ್ಮನವಿಯ ನಂತರ ಏಳೂವರೆ ವರ್ಷ. ಮಾಲಿಯ ಟಿಂಬಕ್ಟುವಿನಲ್ಲಿ 2012ರಲ್ಲಿ ಸಂತರ ಗೋರಿಗಳನ್ನು ಕೆಡವಿಸಿದ ಅಲ್ ಮಹ್ದಿ ಕೇಸೂ ಹಾಗೇ. ಅವನೂ ತಪ್ಪೊಪ್ಪಿಕೊಂಡ, 2016ರಲ್ಲಿ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟ್ 9 ವರ್ಷ ಕೊಟ್ಟಿತು. ಆಮೇಲೆ 27 ಲಕ್ಷ ಯೂರೋ ಪರಿಹಾರ ಬೇರೆ. ಅದರ ಜೊತೆಗೆ ಮಾಲಿ ದೇಶಕ್ಕೂ ಯುನೆಸ್ಕೊಗೂ ಸಾಂಕೇತಿಕವಾಗಿ ಒಂದೊಂದು ಯೂರೋ!

ಪರೀಕ್ಷೆಗೆ ಬರುವ ಇನ್ನೊಂದು: ಭಾರತ 1958ರಲ್ಲೇ ಹೇಗ್ ಒಪ್ಪಂದಕ್ಕೆ ಸೇರಿದೆ. ಎರಡನೇ ಪ್ರೋಟೋಕಾಲಿಗೂ ರೋಮ್ ಶಾಸನಕ್ಕೂ ಸೇರಿಲ್ಲ. ಮೇಲೆ ಬರೆದ ‘ಬೆಟಾಲಿಯನ್’ ನಿಯಮವನ್ನು ಭಾರತದ ಬಗೆಗಿನ ಉತ್ತರದಲ್ಲಿ ಸುಮ್ನೆ ತುರುಕಬೇಡಿ. 1954ರ ಒಪ್ಪಂದದಲ್ಲಿ ‘ವಿಶೇಷ ರಕ್ಷಣೆ’ ಅಂತ ಇನ್ನೊಂದು ಮೆಟ್ಟಿಲಿದೆ, ಅದಕ್ಕೆ ಸ್ಮಾರಕ ವಿಮಾನನೆಲೆಯಂಥ ಜಾಗದಿಂದ ಸಾಕಷ್ಟು ದೂರ ಇರಬೇಕು. ಇಲ್ಲವಾದರೆ ಯುದ್ಧ ಬಂದಾಗ ಆ ನೆಲೆಯನ್ನು ಬಳಸುವುದಿಲ್ಲ ಅಂತ ಸರ್ಕಾರ ಮಾತು ಕೊಡಬೇಕು. ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ, ಅಲ್ವಾ? ಕೋಟೆಗೆ ಆ ದರ್ಜೆ ಕೇಳಿದರೆ ಮೊದಲು ಎದ್ದೇಳುವ ಆಕ್ಷೇಪ ಅದೇ.